ಹತ್ತಕ್ಕೆ ಎಷ್ಟು?

ಪಾಠ ಹೇಳುವ ಕೆಲಸದಿಂದ ನಿವೃತ್ತನಾದ ಮೇಲೂ ಹಳೆಯ ಕಾಲೇಜಿನ ನಂಟು ನನಗೆ ತಪ್ಪಿಲ್ಲ. ಕೆಲವು ವಾರಗಳ ಹಿಂದೆ ಅಲ್ಲಿನ ವಿದ್ಯಾರ್ಥಿಗಳ ಚಿತ್ರಕೂಟದವರು ‘ತಿಥಿ’ ಚಿತ್ರವನ್ನು ತೋರಿಸಿದರು. 2016ರಲ್ಲಿ ನಮ್ಮಲ್ಲಿ ತೆರೆಕಂಡ ಆ ಚಿತ್ರವನ್ನು ಅಂದು ನೋಡಿದವರಲ್ಲಿ ಬಹುಮಂದಿ ಮೊದಲ ಸಲ ನೋಡುತ್ತಿದ್ದರು. ಆಟ ಮುಗಿದು ಹೊರಗೆ ಬಂದಾಗ ಪರಿಚಯದ ಮೂವರು ವಿದ್ಯಾರ್ಥಿಗಳು ಎದುರಾದರು. “ಹೇಗಿತ್ತಪ್ಪ?” ಎಂದು ಕೇಳಿದೆ. “ಏಳೂವರೆ, ಸರ್” ಎಂದ ಒಬ್ಬ. “ನನ್ನದು ಒಂಬತ್ತು” ಎಂದಳು ಜೊತೆಯ ಹುಡುಗಿ. ಮೂರನೆಯವನು ಕೊಂಚ ಸಂಕೋಚದಿಂದ “ನಾಲ್ಕು” ಎಂದ. ಅಲ್ಲಿಗೆ ಮಾತು ಮುಗಿಯಿತು. ಮೂವರೂ ತಮ್ಮ ತಮ್ಮ ಅಂಕವನ್ನು ಕೈಯಲ್ಲಿದ್ದ ಫೋನಿಗೆ ಒಪ್ಪಿಸುವುದರಲ್ಲಿ ತೊಡಗಿದರು.

ಒಂಬತ್ತಕ್ಕೂ ನಾಲ್ಕಕ್ಕೂ ನಡುವೆ ಎಷ್ಟು ದೊಡ್ಡ ಜಗಳಕ್ಕೆ ಎಡೆಯಿದೆ! ಆದರೆ ಜಗಳವೇ ಹುಟ್ಟಲಿಲ್ಲ. ಅಂಕಗಳು ಒಂದರ ಪಕ್ಕದಲ್ಲಿ ಒಂದು ತೆಪ್ಪಗೆ ಕುಳಿತುಬಿಟ್ಟವು. ಮೂರನ್ನೂ ಕೂಡಿಸಿ ಭಾಗಿಸಿದರೆ ಸುಮಾರು 6.8 ಬರುತ್ತದೆ. ಆ 6.8 ಎಂಬುದು ಮೂವರಲ್ಲಿ ಯಾರ ಅಭಿಪ್ರಾಯ? ಯಾರದೂ ಅಲ್ಲ. ಆದರೂ ನಾಳೆ ನಾಲ್ಕನೆಯವನು ಆ ಚಿತ್ರವನ್ನು ನೋಡಬೇಕೋ ಬಿಡಬೇಕೋ ಎಂದು ಯೋಚಿಸುವಾಗ ಅವನ ಕಣ್ಣಿಗೆ ಬೀಳುವುದು ಯಾರದೂ ಅಲ್ಲದ ಆ ಅಭಿಪ್ರಾಯವೇ. ಅಂದಿನಿಂದ ಈ ವಿಚಾರ ನನ್ನ ತಲೆಯನ್ನು ಬಿಟ್ಟುಹೋಗಲಿಲ್ಲ. ವಾಚಕರ ಮುಂದೆ ಅದನ್ನು ಇಡುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಚಿತ್ರಗಳಿಗೆ ಅಂಕ ಕೊಡುವ ವಾಡಿಕೆ ಇಂದಿನದಲ್ಲ. ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ವಿಮರ್ಶಕಿ 1928ರ ಜುಲೈ ಕೊನೆಯಲ್ಲಿ ಚಿತ್ರವೊಂದಕ್ಕೆ ನಕ್ಷತ್ರ ಕೊಟ್ಟದ್ದು ಈ ಪದ್ಧತಿಯ ಮೊದಲೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆಗ ಇದ್ದುದು ಮೂರೇ ನಕ್ಷತ್ರ. 1950ರ ದಶಕದಲ್ಲಿ ಫ್ರಾನ್ಸಿನ ‘ಕಾಯೇ ದ್ಯು ಸಿನೆಮಾ’ ಪತ್ರಿಕೆ ಹತ್ತು ಮಂದಿಯ ಅಭಿಪ್ರಾಯವನ್ನು ನಕ್ಷತ್ರಗಳ ಪಟ್ಟಿಯಾಗಿ ಅಚ್ಚು ಹಾಕತೊಡಗಿತು. ಆ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರೂ ಇರುತ್ತಿತ್ತೆಂಬುದನ್ನು ಗಮನಿಸಬೇಕು. ಯಾರು ಮೆಚ್ಚಿದರು, ಯಾರು ತೆಗೆದುಹಾಕಿದರು ಎಂಬುದು ಓದುಗನಿಗೆ ಗೊತ್ತಾಗುತ್ತಿತ್ತು; ಅವರು ಬೇರೆ ಪುಟದಲ್ಲಿ ಬರೆದ ವಿಮರ್ಶೆಯನ್ನು ಅವನು ತೆರೆದು ನೋಡಬಹುದಾಗಿತ್ತು. ನಕ್ಷತ್ರವು ವಿಮರ್ಶೆಯ ಮನೆಗೆ ಕಟ್ಟಿದ ತೋರಣದಂತಿತ್ತು. ಮನೆಯನ್ನು ಕೆಡವಿ ತೋರಣವನ್ನು ಮಾತ್ರ ಉಳಿಸಿಕೊಂಡದ್ದು ಅನಂತರದ ಕಾಲ.

1990ರಲ್ಲಿ ಕಾಲ್ ನೀಡಮ್ ಎಂಬ ಇಂಗ್ಲೆಂಡಿನ ಚಿತ್ರಪ್ರೇಮಿ ಆರಂಭಿಸಿದ ಪಟ್ಟಿ ಐಎಮ್‌ಡಿಬಿ ಎಂಬ ಹೆಸರಿನಿಂದ ಬೆಳೆದು, 1998ರಲ್ಲಿ ಅಮೆಜಾನ್ ಸಂಸ್ಥೆಯ ಸ್ವತ್ತಾಯಿತು. ಅದೇ 1998ರಲ್ಲಿ ರಾಟನ್ ಟೊಮ್ಯಾಟೋಸ್ ಹುಟ್ಟಿತು. 2011ರಲ್ಲಿ ನ್ಯೂಜಿಲೆಂಡಿನಿಂದ ಲೆಟರ್‌ಬಾಕ್ಸ್‌ಡ್ ಬಂದಿತು. ನಮ್ಮ ದೇಶದಲ್ಲಿ ಟಿಕೆಟ್ ಮಾರುವ ಬುಕ್‌ಮೈಶೋ ಕೂಡ ಟಿಕೆಟ್ಟಿನ ಬೆಲೆಯ ಜೊತೆಯಲ್ಲಿಯೇ ಚಿತ್ರದ ಅಂಕವನ್ನೂ ತೋರಿಸತೊಡಗಿತು. ಇವುಗಳಿಂದ ಲಾಭವಾಗಿಲ್ಲವೆಂದು ನಾನು ಹೇಳುವುದಿಲ್ಲ. ಎಂದೋ ನೋಡಿದ ಚಿತ್ರದ ಹೆಸರು, ನಿರ್ದೇಶಕ, ಕಾಲ ಇವೆಲ್ಲ ಬೆರಳ ತುದಿಗೆ ಸಿಗುವುದು ಸಣ್ಣ ಉಪಕಾರವಲ್ಲ. ಶಿರಸಿಯಲ್ಲಿರುವ ಹುಡುಗಿಯೊಬ್ಬಳು ಇರಾನಿನ ಚಿತ್ರವೊಂದನ್ನು ನೋಡಿ, ಬ್ರೆಜಿಲಿನ ಪ್ರೇಕ್ಷಕನೊಬ್ಬ ಅದನ್ನೇ ಹೇಗೆ ಕಂಡನೆಂದು ತಿಳಿಯಬಹುದು. ಹಿಂದೆ ದೊಡ್ಡ ಊರಿನ ನಾಲ್ಕು ಮಂದಿ ವಿಮರ್ಶಕರ ಮಾತೇ ಮಾತಾಗಿದ್ದಲ್ಲಿ ಇಂದು ಎಲ್ಲರ ದನಿಗೂ ಎಡೆಯುಂಟು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಶಾಸ್ತ್ರ ಓದದ ಸಾಮಾನ್ಯ ಕನ್ನಡಿಗರ ಕಾವ್ಯವಿವೇಕವನ್ನೂ ಹೊಗಳಿತು, ಅಂಥ ನಾಡಿನವನು ಜನಸಾಮಾನ್ಯರ ಅಭಿಪ್ರಾಯವನ್ನು ಹಗುರವಾಗಿ ಕಾಣುವಂತಿಲ್ಲ.

ನನ್ನ ಸಂದೇಹವಿರುವುದು ಅಭಿಪ್ರಾಯವನ್ನು ಅಂಕವಾಗಿಸುವ ಲೆಕ್ಕದ ವಿಷಯದಲ್ಲಿ. ಒಂದು ಚಿತ್ರವನ್ನು ಹತ್ತು ಮಂದಿ ನೋಡಿ ಹತ್ತೂ ಜನ ಐದೈದು ಅಂಕ ಕೊಟ್ಟರೆನ್ನೋಣ. ಇನ್ನೊಂದು ಚಿತ್ರಕ್ಕೆ ಐವರು ಒಂಬತ್ತನ್ನೂ ಐವರು ಒಂದನ್ನೂ ಕೊಟ್ಟರೆನ್ನೋಣ. ಎರಡರ ಸರಾಸರಿಯೂ ಐದೇ. ಮೊದಲನೆಯದು ಯಾರನ್ನೂ ಕಾಡದೆ ಮರೆತುಹೋಗುವ ಚಿತ್ರ. ಎರಡನೆಯದು ಊರನ್ನೇ ಎರಡು ಪಾಲು ಮಾಡಿದ ಚಿತ್ರ. ಈ ಅಂತರವನ್ನು ಐದೆಂಬ ಅಂಕ ನುಂಗಿಬಿಡುತ್ತದೆ. ರಾಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾ ಲೆಕ್ಕದ ದಾರಿ ಇನ್ನೂ ಬೇರೆ. ಅದು ಎಷ್ಟು ವಿಮರ್ಶಕರು ಚಿತ್ರವನ್ನು ಒಟ್ಟಿನಲ್ಲಿ ಒಪ್ಪಿದರೆಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಮೆಚ್ಚಿದರೆಂಬುದನ್ನು ಹೇಳುವುದಿಲ್ಲ. ಹತ್ತು ವಿಮರ್ಶಕರು “ಪರವಾಗಿಲ್ಲ, ನೋಡಬಹುದು” ಎಂದರೆ ಆ ಚಿತ್ರಕ್ಕೆ ನೂರಕ್ಕೆ ನೂರು. ಏಳು ಮಂದಿ ಮಹಾಕೃತಿಯೆಂದು ಕೊಂಡಾಡಿ ಮೂವರು ಒಲ್ಲೆನೆಂದರೆ ಎಪ್ಪತ್ತು. ಇದನ್ನರಿಯದ ಪ್ರೇಕ್ಷಕ ನೂರನ್ನು ಕಂಡು ಎಪ್ಪತ್ತನ್ನು ಬಿಟ್ಟುಹೋಗುತ್ತಾನೆ.

ಐಎಮ್‌ಡಿಬಿಯ ಅಂಕವಾದರೋ ತೂಕ ಹಾಕಿದ ಸರಾಸರಿ. ಎಲ್ಲ ಮತಗಳಿಗೂ ಸಮಾನವಾದ ಬೆಲೆಯಿಲ್ಲವೆಂದೂ, ವಂಚನೆಯನ್ನು ತಡೆಯುವುದಕ್ಕಾಗಿ ಆ ತೂಕದ ಕ್ರಮವನ್ನು ಪೂರ್ತಿಯಾಗಿ ಹೊರಗೆಡಹುವುದಿಲ್ಲವೆಂದೂ ಅದೇ ಹೇಳಿಕೊಳ್ಳುತ್ತದೆ. ಅದರ 250 ಶ್ರೇಷ್ಠ ಚಿತ್ರಗಳ ಪಟ್ಟಿಗೆ ಅರ್ಹತೆ ಪಡೆಯಲು 25,000 ಮತಗಳಾದರೂ ಬೇಕು. ಬಿಡಿ ಮತಗಳ ಭರಾಟೆಯಲ್ಲಿ ಪಟ್ಟಿ ತಲೆಕೆಳಗಾಗದಿರಲೆಂದು ಮಾಡಿದ ಈ ಕಟ್ಟಳೆ ನ್ಯಾಯವಾದದ್ದೇ. ಆದರೆ ಎರಡು ವಾರ ನಾಲ್ಕು ಚಿತ್ರಮಂದಿರಗಳಲ್ಲಿ ಓಡಿದ ಕನ್ನಡದ ಸಣ್ಣ ಚಿತ್ರವೊಂದು 25,000 ಮತಗಳನ್ನು ಎಲ್ಲಿಂದ ತರಬೇಕು? ಪಟ್ಟಿಯಲ್ಲಿಲ್ಲದ್ದು ಲೋಕದಲ್ಲಿಯೇ ಇಲ್ಲವೆಂದು ತಿಳಿಯುವ ಅಭ್ಯಾಸ ನಮ್ಮ ಹುಡುಗರಲ್ಲಿ ಬೆಳೆಯುತ್ತಿರುವುದರಿಂದ ಈ ಮಾತನ್ನು ಹೇಳಬೇಕಾಯಿತು.

ಇವೆಲ್ಲ ಲೆಕ್ಕದ ಸೂಕ್ಷ್ಮಗಳೆಂದು ತಳ್ಳಿಬಿಡಬಹುದಾಗಿತ್ತು, ಇದರಲ್ಲಿ ಹಣವೂ ಜನರ ದುಡಿಮೆಯೂ ಸೇರದಿದ್ದರೆ. ನಮ್ಮ ರಾಜ್ಯದಲ್ಲಿ ಟಿಕೆಟ್ಟಿನ ದರ 200 ರೂಪಾಯಿಗಳನ್ನು ಮೀರಬಾರದೆಂದು 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ಮಾಡಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ವಿವಾದದ ನ್ಯಾಯಾನ್ಯಾಯ ಹೇಗೇ ಇರಲಿ, ನಾಲ್ಕು ಜನರ ಸಂಸಾರ ದೊಡ್ಡ ಊರಿನಲ್ಲಿ ಒಂದು ಚಿತ್ರ ನೋಡುವುದೆಂದರೆ ತಿಂಗಳ ಖರ್ಚಿನಲ್ಲಿ ಎದ್ದು ಕಾಣುವಷ್ಟು ಹಣವಾಗುತ್ತದೆ. “ಹೋಗಬಹುದೇ?” ಎಂದು ಆ ಮನೆಯ ಯಜಮಾನಿ ಕೇಳಿದರೆ ಅದು ಅರಸಿಕತೆಯ ಪ್ರಶ್ನೆಯಲ್ಲ. ಅವಳಿಗೆ ಪ್ರಾಮಾಣಿಕವಾದ ಉತ್ತರ ಸಿಗಬೇಕು. ಇತ್ತ ಚಿತ್ರ ಮಾಡಿದವನ ಪಾಡೂ ಹಾಗೆಯೇ. ಶುಕ್ರವಾರ ತೆರೆಗೆ ಬಂದ ಚಿತ್ರದ ಹಣೆಯಬರಹ ಭಾನುವಾರ ಸಂಜೆಗೆ ನಿರ್ಧಾರವಾಗಿಬಿಡುತ್ತದೆ. ವರ್ಷಗಟ್ಟಲೆ ಹತ್ತಾರು ಜನ ದುಡಿದ ಕೆಲಸಕ್ಕೆ, ಚಿತ್ರವನ್ನು ನೋಡಿಯೇ ಇರದ ಅಭಿಮಾನಿಗಳ ಗುಂಪೊಂದು ಹಗೆಯಿಂದ ಸಾಲುಸಾಲಾಗಿ ಒಂದೊಂದೇ ಅಂಕವನ್ನು ಎಸೆದರೆ, ಕೇಳುವವರಿಲ್ಲ. ಅದೇ ಗುಂಪು ತನ್ನ ನಾಯಕನ ಚಿತ್ರಕ್ಕೆ ಹತ್ತಕ್ಕೆ ಹತ್ತು ಸುರಿದರೆ ಮೋಸಹೋಗುವವಳು ಆ ಮನೆಯ ಯಜಮಾನಿ.

ಈ ಸಂಕಟದಿಂದ ಪಾರಾಗಲು ಚಿತ್ರೋದ್ಯಮದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಕೇರಳದ ಉಚ್ಚ ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು 2024ರ ಮಾರ್ಚಿನಲ್ಲಿ ಸಲ್ಲಿಸಿದ ವರದಿಯಲ್ಲಿ, ಚಿತ್ರ ಬಿಡುಗಡೆಯಾದ 48 ಗಂಟೆಗಳ ಕಾಲ ವೀಡಿಯೋ ವಿಮರ್ಶಕರು ವಿಮರ್ಶೆಯನ್ನು ತಡೆದುಕೊಳ್ಳಬೇಕೆಂಬ ಸಲಹೆಯಿತ್ತು. ತಮಿಳು ಚಿತ್ರಗಳ ನಿರ್ಮಾಪಕರ ಸಂಘವೊಂದು ಮೊದಲ ಮೂರು ದಿನ ವಿಮರ್ಶೆಯನ್ನೇ ನಿಷೇಧಿಸಬೇಕೆಂದು ಮದರಾಸು ಉಚ್ಚ ನ್ಯಾಯಾಲಯವನ್ನು ಕೇಳಿತು. 2024ರ ಡಿಸೆಂಬರಿನಲ್ಲಿ ನ್ಯಾಯಾಲಯ ಹಾಗೆ ತಡೆ ಹಾಕಲು ಒಪ್ಪಲಿಲ್ಲ. 2025ರ ಡಿಸೆಂಬರಿನಲ್ಲಿ ಕನ್ನಡದ ‘ದಿ ಡೆವಿಲ್’ ತೆರೆಕಂಡಾಗ ಬುಕ್‌ಮೈಶೋದಲ್ಲಿ ಅದರ ಅಂಕವನ್ನೂ ಅಭಿಪ್ರಾಯಗಳನ್ನೂ ನ್ಯಾಯಾಲಯದ ಆದೇಶದ ಮೇರೆಗೆ ತಡೆಹಿಡಿಯಲಾಯಿತು. ಸುಳ್ಳು ಅಂಕದ ಹಾವಳಿಯಿಂದ ಬೇಸತ್ತವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಇದು ನೊಣಕ್ಕೆ ಹೆದರಿ ಒಲೆ ಹೊತ್ತಿಸದಿದ್ದ ಹಾಗಾಯಿತು. ಸುಳ್ಳು ಹೇಳುವ ಸಾವಿರ ಮಂದಿಯ ಜೊತೆಗೆ, ದುಡ್ಡು ಕೊಟ್ಟು ಚಿತ್ರ ನೋಡಿ ನಿಜ ಹೇಳಬಯಸುವ ನೂರು ಮಂದಿಯ ಬಾಯಿಯೂ ಮುಚ್ಚುತ್ತದೆ. ಅಲ್ಲದೆ, ಹೀಗೆ ರಕ್ಷಣೆ ಪಡೆಯಲು ನ್ಯಾಯಾಲಯಕ್ಕೆ ಹೋಗುವ ಶಕ್ತಿಯಿರುವುದು ದೊಡ್ಡ ಬಂಡವಾಳದ ಚಿತ್ರಗಳಿಗೆ. ಸಣ್ಣ ಚಿತ್ರಕ್ಕೆ ಇರುವ ಬಲ ಜನರ ಬಾಯಿಮಾತೊಂದೇ.

ಆ ಬಾಯಿಮಾತಿನ ಬಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2025ರ ಜುಲೈ 25ರಂದು ಜೆ. ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ ಬಂದಾಗ ಅದರಲ್ಲಿ ಹೆಸರಾಂತ ನಾಯಕನಿರಲಿಲ್ಲ, ಅಬ್ಬರದ ಪ್ರಚಾರವಿರಲಿಲ್ಲ. ಕೆಲವೇ ಪ್ರದರ್ಶನಗಳಿಂದ ಮೊದಲಾದ ಆ ಚಿತ್ರಕ್ಕೆ ದಿನದಿಂದ ದಿನಕ್ಕೆ ಪ್ರದರ್ಶನಗಳು ಹೆಚ್ಚಿ, ಬೆಳಗಿನ ಜಾವದ ಆಟಗಳೂ ತುಂಬಿದವು. ನನ್ನನ್ನು ಆ ಚಿತ್ರಕ್ಕೆ ಕಳುಹಿಸಿದ್ದು ಯಾವ ಅಂಕವೂ ಅಲ್ಲ. ದಕ್ಷಿಣ ಕನ್ನಡದ ಗೆಳೆಯರೊಬ್ಬರು ದೂರವಾಣಿಯಲ್ಲಿ, “ರವಿಯಣ್ಣನಂಥವನು ನಮ್ಮೂರಿನಲ್ಲೂ ಒಬ್ಬನಿದ್ದಾನೆ ಮಾರಾಯರೆ, ಊರಿನ ಎಲ್ಲ ಕೆಲಸಕ್ಕೂ ಅವನೇ ಮುಂದು. ಅವನನ್ನು ಪರದೆಯ ಮೇಲೆ ಕಂಡು ನನಗೆ ನಗು ತಡೆಯಲಾಗಲಿಲ್ಲ” ಎಂದರು. ಆ ಒಂದು ಮಾತಿನಲ್ಲಿ ಚಿತ್ರದ ಊರಿತ್ತು, ಅದರ ಹಾಸ್ಯದ ಜಾತಿಯಿತ್ತು, ಹೇಳಿದವರ ಸ್ವಭಾವವೂ ಇತ್ತು. ನನಗೆ ಅದು ಹಿಡಿಸುವುದೋ ಇಲ್ಲವೋ ಎಂದು ತೀರ್ಮಾನಿಸಲು ಬೇಕಾದುದೆಲ್ಲ ಸಿಕ್ಕಿತು. “ಎಂಟೂವರೆ” ಎಂದಿದ್ದರೆ ಇಷ್ಟು ಸಿಗುತ್ತಿತ್ತೇ?

ಕಟುವಾದ ಅಭಿಪ್ರಾಯಕ್ಕೂ ಇದೇ ಮಾತು ಸಲ್ಲುತ್ತದೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ತೆಗೆದಾಗ, ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಕಾದಂಬರಿಕಾರರು ಮುನಿದರೆಂಬ ಮಾತು ಕನ್ನಡಿಗರಲ್ಲಿ ಪ್ರಸಿದ್ಧವಾಗಿದೆ. ಲಕ್ಷಾಂತರ ಜನ ಮೆಚ್ಚಿದ ಆ ಚಿತ್ರದ ಬಗ್ಗೆ ಇದಕ್ಕಿಂತ ಕಠಿಣವಾದ ತೀರ್ಪಿಲ್ಲ. ಆದರೆ ಆ ತೀರ್ಪಿನಲ್ಲಿಯೇ ಕಾರಣವೂ ಅಡಕವಾಗಿದೆ: ರಾಮಾಚಾರಿಯಲ್ಲಿದ್ದ ವಿಷ ಹೋಯಿತು, ಹೆಡೆ ಹೋಯಿತು ಎಂಬುದು ಅದರ ಅರ್ಥ. ನೀವು ಅದನ್ನು ಒಪ್ಪಬಹುದು, ಇಲ್ಲವೆ ಚಿತ್ರದ ದೃಶ್ಯಗಳನ್ನು ತೋರಿಸಿ ಅಲ್ಲಗಳೆಯಬಹುದು. ಐವತ್ತು ವರ್ಷಗಳ ಮೇಲೂ ಆ ವಾದ ನಡೆಯುತ್ತಿರುವುದು ಅದಕ್ಕೇ. ತ. ರಾ. ಸು. “ಹತ್ತಕ್ಕೆ ಎರಡು” ಎಂದಿದ್ದರೆ ಆ ಮಾತು ಮರುದಿನವೇ ಸತ್ತುಹೋಗುತ್ತಿತ್ತು.

ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ಅಂಕದ ಮಹಿಮೆಯೂ ಅದರ ಬಡತನವೂ ನನಗೆ ತಿಳಿಯದ್ದಲ್ಲ. ಪರೀಕ್ಷೆಯಲ್ಲಿ ಮೊದಲೇ ಗೊತ್ತುಮಾಡಿದ ಮಾದರಿ ಉತ್ತರವಿರುತ್ತದೆ. ಯಾವ ಅಂಶಕ್ಕೆ ಎಷ್ಟು ಎಂಬ ಕಟ್ಟುಪಾಡಿರುತ್ತದೆ. ಹಾಗಿದ್ದೂ ಒಂದೇ ಪ್ರಬಂಧಕ್ಕೆ ನಾನು ಹದಿನಾಲ್ಕು ಕೊಟ್ಟರೆ ಪಕ್ಕದ ಮೇಜಿನವರು ಒಂಬತ್ತು ಕೊಡುತ್ತಿದ್ದರು. ಅದಕ್ಕಾಗಿಯೇ ಮರುಮೌಲ್ಯಮಾಪನವೆಂಬ ಏರ್ಪಾಡು ಬಂದದ್ದು. ಚಿತ್ರಕ್ಕಾದರೋ ಮಾದರಿ ಉತ್ತರವಿಲ್ಲ. ಪ್ರತಿಯೊಂದು ಒಳ್ಳೆಯ ಚಿತ್ರವೂ ತನ್ನನ್ನು ಅಳೆಯತಕ್ಕ ಕೋಲನ್ನು ತಾನೇ ತಂದುಕೊಡುತ್ತದೆ. ‘ತಿಥಿ’ಯನ್ನು ‘ಕೆಜಿಎಫ್’ನ ಕೋಲಿನಿಂದಲೂ ‘ಕೆಜಿಎಫ್’ ಅನ್ನು ‘ತಿಥಿ’ಯ ಕೋಲಿನಿಂದಲೂ ಅಳೆದು ಎರಡಕ್ಕೂ ಅಂಕ ಹಾಕುವುದು, ಗಣಿತದ ಉತ್ತರಪತ್ರಿಕೆಯನ್ನು ಕನ್ನಡದ ಮೇಷ್ಟರ ಕೈಗೆ ಕೊಟ್ಟಂತೆ.

ಚಿತ್ರಗಳ ಮರುಮೌಲ್ಯಮಾಪನವನ್ನು ಮಾಡುವುದು ಕಾಲ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆಗೆದ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಲಿ ಮೊದಲು ಬಾಗಿಲು ಮುಚ್ಚಿತು, ಆಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲ ಸಲ ತಂದಿತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಹೊಸದಾಗಿ ಸಂಸ್ಕರಣಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರೇಕ್ಷಕರ ಮುಂದೆ ಬಂದಿತು. ಹೊರಗಿನ ನಿದರ್ಶನ ಬೇಕಿದ್ದರೆ, 1994ರಲ್ಲಿ ಚಿತ್ರಮಂದಿರಗಳಲ್ಲಿ ಸೋತ ‘ದಿ ಶಾಶಾಂಕ್ ರಿಡೆಂಪ್ಷನ್’ ಐಎಮ್‌ಡಿಬಿಯ ಪಟ್ಟಿಯಲ್ಲಿ ಬಹುಕಾಲ ತಲೆಯ ಮೇಲೆ ನಿಂತಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತ ಪಡೆಯುತ್ತದೆ. 1952ರಲ್ಲಿ ಮೊದಲ ಸ್ಥಾನ ಪಡೆದದ್ದು ‘ಬೈಸಿಕಲ್ ಥೀವ್ಸ್’, 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಶಾಂಟಾಲ್ ಆಕರ್‌ಮನ್ ಅವರ 1975ರ ಚಿತ್ರ ‘ಜಾನ್ ಡೀಲ್ಮನ್’. ಈ ಕೊನೆಯದು ಹತ್ತು ವರ್ಷ ಹಿಂದಿನ ಪಟ್ಟಿಯ ಮೊದಲ ಹತ್ತರಲ್ಲಿಯೂ ಇರಲಿಲ್ಲ. ಚಿತ್ರಗಳು ಇದ್ದ ಹಾಗೆಯೇ ಇದ್ದವು. ನೋಡುವ ಕಣ್ಣು ಬದಲಾಯಿತು. ಬದಲಾಗುವ ಕಣ್ಣಿನ ಒಂದು ದಿನದ ತೀರ್ಪನ್ನು ಕಲ್ಲಿನಲ್ಲಿ ಕೆತ್ತಬಾರದೆಂಬ ವಿನಯವನ್ನಾದರೂ ನಾವು ಇದರಿಂದ ಕಲಿಯಬೇಡವೆ?

ಈ ವಿನಯ ನನಗೆ ತಡವಾಗಿ ಬಂದಿತು. ಒಂದೆರಡು ವರ್ಷಗಳ ಹಿಂದೆ, ಅಂಕ ಕಡಿಮೆಯಿದೆಯೆಂಬ ಒಂದೇ ಕಾರಣಕ್ಕೆ ನಾನೊಂದು ಸಣ್ಣ ಕನ್ನಡ ಚಿತ್ರಕ್ಕೆ ಹೋಗಲಿಲ್ಲ. ನನ್ನ ತಾರತಮ್ಯಜ್ಞಾನವನ್ನು ನಂಬುವವರೊಬ್ಬರು ಮುಂದಿನ ವಾರ ಬಂದು, “ಆ ಚಿತ್ರದಲ್ಲಿ ತಾಯಿಯೊಬ್ಬಳು ಮಾತಿಲ್ಲದೆ ಅನ್ನ ಬಡಿಸುವ ದೃಶ್ಯವೊಂದಿದೆ, ನಿಮಗೆ ಏನನಿಸಿತು?” ಎಂದು ಕೇಳಿದರು. ನೋಡಿಲ್ಲವೆಂದು ಒಪ್ಪಿಕೊಂಡು ಅಂದೇ ಸಂಜೆ ಹೊರಟೆ. ಚಿತ್ರ ಆಗಲೇ ಊರು ಬಿಟ್ಟಿತ್ತು. ಆ ಮೇಲೆ ವಿಚಾರಿಸಿದರೆ, ನಾನು ನಂಬಿದ ಅಂಕವನ್ನು ಕೊಟ್ಟವರ ಸಂಖ್ಯೆ ಒಂದು ತರಗತಿಯ ಹುಡುಗರಷ್ಟೂ ಇರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರ ಮಾತನ್ನು ಕೇಳದೆ ಅಂಕವನ್ನು ಮಾತ್ರ ಕೇಳಿದವನು ನಾನೇ.

ಹಾಗಾದರೆ ಮಾಡತಕ್ಕದ್ದೇನು? ಹೊಸ ಯಂತ್ರವನ್ನೇನೂ ಕಂಡುಹಿಡಿಯಬೇಕಾಗಿಲ್ಲ. ದಾರಿ ನಮ್ಮಲ್ಲಿಯೇ ಇದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿ, ಅಡಕೆ ತೋಟದ ನಡುವಿನ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಚಿತ್ರರಸಗ್ರಹಣ ಶಿಬಿರಗಳನ್ನು ನಡೆಸಿದರು. ಬೆಂಗಳೂರಿನಲ್ಲಿ ಸುಚಿತ್ರಾ ಸಂಸ್ಥೆ ಅದೇ ದಶಕದಿಂದ ಆ ಕೆಲಸ ಮಾಡಿಕೊಂಡು ಬಂದಿತು. ಚಿತ್ರಸಮಾಜಗಳ ಜೀವವಿದ್ದದ್ದು ಚಿತ್ರ ಮುಗಿದ ಮೇಲಿನ ಮಾತುಕತೆಯಲ್ಲಿ. ಅಲ್ಲಿ ಒಬ್ಬನು ಎದ್ದು ತನಗೆ ಚಿತ್ರ ಹಿಡಿಸಲಿಲ್ಲವೆಂದರೆ ಎದುರಿಗಿರುವವರು ಮೊದಲು ಕೇಳುವುದು “ಏಕೆ?” ಎಂದು. ಆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆಂಬ ಅರಿವಿದ್ದವನು ಚಿತ್ರವನ್ನು ಕಣ್ಣು ತೆರೆದು ನೋಡುತ್ತಾನೆ. ಸುಳ್ಳು ಹೇಳುವುದಕ್ಕೂ ಕೊಂಚ ಅಂಜುತ್ತಾನೆ. ಚಿತ್ರ ನೋಡದೆಯೇ ಅಂಕ ಎಸೆಯುವವನನ್ನು ಬಯಲು ಮಾಡಲು ನ್ಯಾಯಾಲಯದ ಆದೇಶಕ್ಕಿಂತ ಈ ಪ್ರಶ್ನೆಯೇ ಹೆಚ್ಚು ಸಮರ್ಥ. ಅಂಕ ಕೊಡಲೇಬೇಕೆಂದಿದ್ದರೆ ಕೊಡಲಿ. ಆದರೆ ಅದರ ಕೆಳಗೆ ಎರಡು ಸಾಲು ಕಾರಣವೂ ಇರಲಿ. ಓದುವವರೂ ಅಂಕವನ್ನು ಬಿಟ್ಟು ಆ ಎರಡು ಸಾಲುಗಳನ್ನು ಹುಡುಕಲಿ. ಉಪಾಧ್ಯಾಯ ಮಿತ್ರರು ತಿಂಗಳಿಗೊಂದು ಚಿತ್ರ ತೋರಿಸಿ ಅರ್ಧ ಗಂಟೆ ಮಾತನಾಡಿಸಿದರೆ ಈ ಅಭ್ಯಾಸ ತಾನಾಗಿ ಬಂದೀತು.

ಅಂದು ನಾನು ಮಾಡಿದ್ದೂ ಅಷ್ಟೇ. ಮೂವರನ್ನೂ ಚಹದಂಗಡಿಗೆ ಕರೆದುಕೊಂಡು ಹೋಗಿ, ನಾಲ್ಕು ಅಂಕದವನನ್ನು “ಏಕೆ?” ಎಂದು ಕೇಳಿದೆ. “ಕಥೆ ಮುಂದಕ್ಕೇ ಹೋಗುವುದಿಲ್ಲ, ಸರ್” ಎಂದ. ಒಂಬತ್ತು ಅಂಕದ ಹುಡುಗಿ ಕೂಡಲೇ, “ಗಡ್ಡಪ್ಪನಿಗೆ ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ! ಅವನು ಸುಮ್ಮನೆ ನಡೆಯುತ್ತಾನೆ. ಕಥೆಯೂ ಅವನ ಹಾಗೆಯೇ ನಡೆಯುತ್ತದೆ” ಎಂದಳು. ಏಳೂವರೆಯವನು, ಬದುಕಿರುವ ತಂದೆಗೆ ಮರಣಪತ್ರ ಮಾಡಿಸುವ ತಮ್ಮಣ್ಣನನ್ನು ನೋಡಿ ನಗಬೇಕೋ ಮರುಗಬೇಕೋ ತಿಳಿಯದೆ ಅಂಕವನ್ನು ನಡುವೆ ನಿಲ್ಲಿಸಿದೆನೆಂದ. ಚಹ ಎರಡು ಸಲ ಬಂದಿತು, ಕತ್ತಲಾದದ್ದು ತಿಳಿಯಲಿಲ್ಲ.

ಹೋದ ವಾರ ನಾಲ್ಕು ಅಂಕದ ಹುಡುಗ ಮತ್ತೆ ಸಿಕ್ಕಿದ. ಚಿತ್ರವನ್ನು ಇನ್ನೊಮ್ಮೆ ನೋಡಿದೆನೆಂದ. “ಅಂಕ ಹೆಚ್ಚಿತೇ?” ಎಂದೆ. “ಇಲ್ಲ ಸರ್, ನಾಲ್ಕೇ. ಆದರೆ ಈಗ ಅದನ್ನು ನಾಲ್ಕೆಂದು ಹೇಳಲು ನನಗೆ ಅರ್ಧ ಗಂಟೆ ಬೇಕು” ಎಂದ. ಕೇಳಲು ನನಗೆ ಬಿಡುವಿತ್ತು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತೆವು.